ಶಿಫ್ಟ್ ಹಿಡಿದು ಬ್ರೇಕ್ ಒತ್ತುವುದು

ಮೂರು ವಾರ ನಾನು ಒಂದು ಹಳೇ ಕಂಪ್ಯೂಟರಿನ ಡಿಸ್ಕ್ ಡ್ರೈವಿನ ಜೊತೆ ಗುದ್ದಾಡಿದೆ. ಕೊನೆಗೆ ಸಿಕ್ಕ ಕಾರಣ ಎರಡಿಂಚು ಉದ್ದದ ಅಂಟು ಟೇಪಿನ ತುಂಡು. ಇದನ್ನು ಮೊದಲೇ ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತೆ ಅನ್ನಿಸಬಹುದು. ಆದರೆ ಇದೇ ಕೆಲಸಕ್ಕೆ ಕೈಹಾಕಿ ಇವತ್ತು ರಾತ್ರಿ ತಲೆ ಕೆರೆದುಕೊಳ್ಳುತ್ತಿರುವವರು ಯಾರಾದರೂ ಓದುತ್ತಿದ್ದರೆ, ಮೊದಲು ಹೋಗಿ ಡ್ರೈವಿನ ಹಿಂಭಾಗ ನೋಡಿ ಬನ್ನಿ. ಆಮೇಲೆ ನಿಧಾನಕ್ಕೆ ಓದಿ.

ಕಂಪ್ಯೂಟರ್ ಯಾವುದು ಅಂದರೆ ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಹೊರತಂದದ್ದು. ಬಿಬಿಸಿಯವರು ಟಿವಿಯಲ್ಲಿ ಜನರಿಗೆ ಕಂಪ್ಯೂಟರ್ ಕಲಿಸಲು ಹೊರಟಾಗ ಅದರ ಜೊತೆಗೆ ಬಂದ ಮೆಷಿನ್ ಇದು. ಇಂಗ್ಲೆಂಡಿನ ಶಾಲೆ ಶಾಲೆಗೂ ಹೋಯಿತು. 2 ಮೆಗಾಹರ್ಟ್ಜ್‌ನ 6502 ಪ್ರೊಸೆಸರ್, 32 ಕೆಬಿ ಮೆಮೊರಿ. ವಾಟ್ಸಾಪಿಗೆ ಬೆಳಗಾದರೆ ಬರುವ ಗುಡ್ ಮಾರ್ನಿಂಗ್ ಫೋಟೋ ಒಂದೂ ಇದರೊಳಗೆ ಹಿಡಿಸಲ್ಲ.

ನಾನು ಇದನ್ನು ಮೊದಲು ನೋಡಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಯೋಜನೆ ಶುರುಮಾಡಿತು. ಕ್ಲಾಸ್ ಅಂತ ಅದರ ಹೆಸರು. ಅದಕ್ಕೆ ಆರಿಸಿಕೊಂಡದ್ದು ಇದೇ ಬಿಬಿಸಿ ಮೈಕ್ರೋ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಯೂನಿಕಾರ್ನ್ ಅನ್ನೋ ಹೆಸರಲ್ಲಿ ಇದನ್ನೇ ನಮ್ಮ ದೇಶದಲ್ಲಿ ತಯಾರಿಸಿದರು ಕೂಡ. ನಮ್ಮ ಶಾಲೆಗೆ ಎರಡು ಬಂದವು. 1987, ನಾನು ಒಂಬತ್ತನೇ ಕ್ಲಾಸು. ಲೈಬ್ರರಿ ಪಕ್ಕದ ಕೋಣೆಗೆ ಪರದೆ ಹಾಕಿ, ಚಪ್ಪಲಿ ಹೊರಗೆ ಬಿಡಿಸಿ, ಮಳೆಗಾಲದಲ್ಲಿ ಕಾಲು ಒರೆಸಿಕೊಂಡು ಬಂದಿದ್ದೀವೋ ಇಲ್ವೋ ಅಂತ ನೋಡಿ ಒಳಗೆ ಬಿಡುತ್ತಿದ್ದರು. ಹತ್ತು ಹತ್ತು ಜನ ಗೋಡೆಗೆ ಒರಗಿ ನಿಲ್ಲಬೇಕು. ಸರ್ ಒಂದು ಕಪ್ಪು ಚೌಕದ ಹಾಳೆಯಂಥದ್ದನ್ನು ಪಕ್ಕದ ಡಬ್ಬಿಗೆ ತೂರಿಸಿ, ನಮಗೆ ಬೆನ್ನು ಮಾಡಿ ಕೀಬೋರ್ಡಿನ ಮೇಲೆ ಬಗ್ಗಿ ಏನೋ ಮಾಡುತ್ತಿದ್ದರು. ಬೂ-ಬೀಪ್ ಅಂತ ಸದ್ದು, ಡಬ್ಬಿಯೊಳಗೆ ಕರ್ ಕರ್, ಆಮೇಲೆ ಟಿವಿಯಲ್ಲಿ ಚಿತ್ರ. ಆ ಏನೋ ಅಂದರೆ ಏನು ಅಂತ ಅವರು ಎಂದೂ ಹೇಳಲಿಲ್ಲ. ಕೀಬೋರ್ಡಿನ ಬಲಗಡೆ ಮೂಲೆಯ ಒಂದು ಕೀ ಮೇಲೆ ಬೆಂಕಿಪೊಟ್ಟಣದ ಒಳಗಿನ ಡಬ್ಬಿ ಕವುಚಿ ಟೇಪ್ ಹಾಕಿರುತ್ತಿದ್ದರು. ಅದನ್ನು ಎತ್ತಿ, ಒತ್ತಿ, ಮತ್ತೆ ಮುಚ್ಚುವುದು. ಮುಟ್ಟಿದರೆ ಮೆಷಿನ್ ಸುಟ್ಟುಹೋಗುತ್ತೆ, ದುಡ್ಡು ನಿಮ್ಮಪ್ಪ ಕೊಡ್ತಾನೇನೋ ಅಂತ ಒಂದು ಗದರಿಕೆ ಬೇರೆ.

ನಾನು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಇಪ್ಪತ್ತು ವರ್ಷ ಆಯ್ತು. ಹೋದ ವರ್ಷ ಮಗಳನ್ನು ಕರೆದುಕೊಂಡು ಕೇಂಬ್ರಿಜ್‌ನ ಕಂಪ್ಯೂಟರ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿ ಎಂಬತ್ತರ ದಶಕದ ಶಾಲೆಯ ಕೋಣೆಯೊಂದನ್ನು ಹಾಗೇ ಮಾಡಿಟ್ಟಿದ್ದಾರೆ, ಸಾಲಾಗಿ ಬಿಬಿಸಿ ಮೈಕ್ರೋ, ಯಾರು ಬೇಕಾದರೂ ಕೂತು ಒತ್ತಬಹುದು. ಮಗಳು ಹೋಗಿ ಕೂತಳು. ನಾನು ಗೋಡೆಗೆ ಒರಗಿ ನಿಂತೆ. ಅಭ್ಯಾಸಬಲ. ಮನೆಗೆ ಬಂದ ಮೇಲೆ ತಲೆಯಿಂದ ಹೋಗಲಿಲ್ಲ. ನ್ಯೂಬರಿಯಲ್ಲಿ ರಿಟೈರ್ ಆದ ಪ್ರೈಮರಿ ಟೀಚರ್ ಒಬ್ಬರು ಮಾರುತ್ತಿದ್ದಾರೆ ಅಂತ ಗೊತ್ತಾಯ್ತು. ಕಂಪ್ಯೂಟರ್, ಹೊರಗೆ ಜೋಡಿಸುವ ಡಿಸ್ಕ್ ಡ್ರೈವ್, ಒಂದು ಬಿಸ್ಕತ್ ಡಬ್ಬಿಯಲ್ಲಿ ಆರು ಡಿಸ್ಕು. ಎಲ್ಲ ಅವರ ಮನೆ ಅಟ್ಟದಿಂದ ಇಳಿದದ್ದು. ಕೆಲಸ ಮಾಡುವ ಡಿಸ್ಕುಗಳು ಶಾಲೆಯಲ್ಲೇ ಉಳಿದವಂತೆ, ಇವು ಬೇಡದ್ದು. ಆರರ ಮೇಲೂ ಪೆನ್ಸಿಲಿನಲ್ಲಿ ‘ಸತ್ತಿದೆ?’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಪ್ರಶ್ನೆ ಚಿಹ್ನೆ ಒಂದರ ಆಸೆಗೆ ಬಿದ್ದು ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಬಾಗಿಲು ತೆಗೆದವಳು ಕೇಳಿದ್ದು ಒಂದೇ ಮಾತು. “ರೀ, ಇದನ್ನ ಎಲ್ಲಿಡ್ತೀರಾ?”

ಊಟದ ಟೇಬಲ್ಲಿನ ಮೇಲೆ ಇಟ್ಟೆ.

ಹಳೇ ಕಂಪ್ಯೂಟರ್ ತಂದ ದಿನವೇ ಪ್ಲಗ್ಗಿಗೆ ಹಾಕಬಾರದು. ಇದು ನನಗೆ ಗೊತ್ತಿತ್ತು, ಆದರೂ ಕೈ ತುರಿಸುತ್ತಿತ್ತು. ಬಿಬಿಸಿ ಮೈಕ್ರೋದ ಮುಚ್ಚಳ ಬಿಚ್ಚುವುದು ಸುಲಭ, ಯಾವ ಸ್ಕ್ರೂ ತೆಗೆಯಬೇಕೋ ಅದರ ಪಕ್ಕದಲ್ಲಿ ‘ಫಿಕ್ಸ್’ ಅಂತ ಬರೆದೇ ಇರುತ್ತೆ. ಎಡಗಡೆ ಪವರ್ ಸಪ್ಲೈ ಡಬ್ಬಿ. ಅದರೊಳಗೆ ಮೇನ್ಸ್ ಕರೆಂಟು ಬರುವ ಕಡೆ ಎರಡು ಕೆಪಾಸಿಟರ್, ಜೇನುಮೇಣದ ಬಣ್ಣ, ಒಳಗಿನ ಕಾಗದದ ಸುರುಳಿ ಕಾಣುತ್ತೆ. ನನ್ನದರಲ್ಲಿ ಎರಡರ ಮೈತುಂಬ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಈ ಬಿರುಕಿನಿಂದ ತೇವ ಒಳಗೆ ಹೋಗುತ್ತೆ, ಕಾಗದ ತೇವ ಹೀರುತ್ತೆ, ನಲವತ್ತು ವರ್ಷ ಆದಮೇಲೆ 240 ವೋಲ್ಟು ಕೊಟ್ಟರೆ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಪಟ್ ಅಂತ ಹೊಡೆದು ಮನೆತುಂಬ ಹೊಗೆ. ಮೆಷಿನ್ನಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದರೆ ಆ ವಾಸನೆ ಪರದೆಯಿಂದ ಹೋಗಲ್ಲ ಅಂತ ಅನುಭವಸ್ಥರು ಹೇಳ್ತಾರೆ. ಹೊಸ ಕೆಪಾಸಿಟರ್ ಎರಡು ಪೌಂಡಿನೊಳಗೆ ಸಿಗುತ್ತೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಸಾಲ್ಡರಿಂಗ್ ಐರನ್ ಹಿಡಿದು ಇಪ್ಪತ್ತೈದು ವರ್ಷ ಆಗಿತ್ತು. ಬೆಸುಗೆ ಚೆನ್ನಾಗಿ ಬರಲಿಲ್ಲ, ಆದರೆ ಗಟ್ಟಿಯಾಗಿ ಬಂತು. ಪವರ್ ಸಪ್ಲೈ ಒಳಗೆ ಕೈಹಾಕುವ ಧೈರ್ಯ ಇಲ್ಲದಿದ್ದರೆ ಗೊತ್ತಿದ್ದವರ ಕೈಲೇ ಮಾಡಿಸಿ, ಇದು ನಾಚಿಕೆಪಡುವ ವಿಷಯ ಅಲ್ಲ.

ಟಿವಿಗೆ ಜೋಡಿಸಿ, ಮೊದಲ ಸಲ ಸ್ವಿಚ್ ಹಾಕಿದೆ. ಬೂ-ಬೀಪ್.

ಆ ಸದ್ದು ಕೇಳಿ ನನಗೆ ಏನಾಯ್ತು ಅಂತ ಬರೆಯಲು ಹೋಗಲ್ಲ. ಟಿವಿಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಬಂತು, ಕೆಳಗೆ ಇದರ ಪ್ರೋಗ್ರಾಂ ಭಾಷೆಯ ಹೆಸರು ‘ಬೇಸಿಕ್’, ಅದರ ಕೆಳಗೆ ಒಂದು ಬಾಣದ ತುದಿ, ಮಿಣುಕುವ ಗೆರೆ. ಎಲ್ಲ ಕಪ್ಪು ಬಿಳುಪು. ಹಿಂದಿನ ವಿಡಿಯೋ ಸಾಕೆಟ್ಟಿನಿಂದ ಮಾಮೂಲಿಗೆ ಬಣ್ಣ ಬರೋದಿಲ್ಲ, ಒಳಗೆ ಒಂದು ಕೊಂಡಿ ಜೋಡಿಸಬೇಕು, ಇಲ್ಲವಾದರೆ ಬೇರೆ ಕೇಬಲ್ ಬೇಕು. ಇರಲಿ ಬಿಡಿ, ನಮ್ಮ ಶಾಲೆಯಲ್ಲೂ ಕಪ್ಪು ಬಿಳುಪೇ ಇದ್ದದ್ದು.

ಆದರೆ ಆ ಎರಡು ಸಾಲಿನ ನಡುವೆ ‘ಏಕಾರ್ನ್ ಡಿಎಫ್‌ಎಸ್’ ಅಂತ ಇನ್ನೊಂದು ಸಾಲು ಬರಬೇಕಿತ್ತು. ಬರಲಿಲ್ಲ. ಡಿಎಫ್‌ಎಸ್ ಅಂದರೆ ಡಿಸ್ಕ್ ಓದುವ ವಿದ್ಯೆ. ಈಗಿನ ಹಾಗೆ ಅದು ಡಿಸ್ಕಿನಲ್ಲಿ ಇರೋದಿಲ್ಲ, ಕಂಪ್ಯೂಟರಿನ ಒಳಗೆ ಕರೆಂಟು ಹೋದರೂ ಅಳಿಯದ ಒಂದು ರೋಮ್ ಚಿಪ್ಪಿನಲ್ಲಿ ಇರುತ್ತೆ. ಅದೂ ಎಲ್ಲ ಮೆಷಿನ್ನಿನಲ್ಲಿ ಇರುತ್ತಿರಲಿಲ್ಲ. ಮಾಡೆಲ್ ಬಿ ಕೊಂಡರೆ ಜೊತೆಗೆ ಸಿಗುತ್ತಿದ್ದದ್ದು ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಓದುವ ಭಾಗ್ಯ ಮಾತ್ರ. ಡಿಸ್ಕ್ ಬೇಕು ಅಂದರೆ ಇಂಟೆಲ್‌ನ 8271 ಅನ್ನೋ ಕಂಟ್ರೋಲರ್ ಚಿಪ್ ಮತ್ತು ಈ ರೋಮ್ ಬೇರೆ ಹಾಕಿಸಬೇಕು. ಆ ಚಿಪ್ ಆಗಲೇ ದುಬಾರಿ, ಸಿಗೋದೂ ಕಷ್ಟ ಇತ್ತು. ನನ್ನದರಲ್ಲಿ ಎರಡೂ ಇದ್ದವು, ಕಣ್ಣಾರೆ ನೋಡಿದ್ದೆ. ಆದರೂ ಡಿಸ್ಕಿನಲ್ಲಿ ಏನಿದೆ ತೋರಿಸು ಅಂತ ಕೇಳುವ ಸ್ಟಾರ್ ಕ್ಯಾಟ್ ಆಜ್ಞೆ ಟೈಪ್ ಮಾಡಿದರೆ, ಡ್ರೈವ್ ಕಡೆಯಿಂದ ಉಸಿರಿಲ್ಲ. ಕೀಬೋರ್ಡಿನ ಒಳಗೆಲ್ಲೋ ಟಿಕ್ ಅಂತ ಒಂದು ರಿಲೇ ಸದ್ದು, ಎಡಗಡೆ ಕ್ಯಾಸೆಟ್ ಮೋಟರಿನ ಕೆಂಪು ದೀಪ ಹತ್ತಿತು. ಪಾಪ, ಇಲ್ಲದ ಟೇಪ್ ರೆಕಾರ್ಡರನ್ನು ಓಡಿಸಿ ಕಾಯುತ್ತಾ ಕೂತಿದೆ.

ಕೀಬೋರ್ಡ್ ಬಿಚ್ಚಿ ಅದರ ಕೆಳಗಿದ್ದ ರೋಮ್ ಚಿಪ್ ಎತ್ತಿದೆ. ಕಾಲುಗಳೆಲ್ಲ ಹಳೇ ಬೆಳ್ಳಿ ಕಾಲ್ಗೆಜ್ಜೆಯ ಹಾಗೆ ಕಪ್ಪಗೆ. ಮಗಳ ಪೆನ್ಸಿಲ್ ರಬ್ಬರಿನಿಂದ ಇಪ್ಪತ್ತೆಂಟು ಕಾಲೂ ಉಜ್ಜಿ, ಮತ್ತೆ ಕೂರಿಸಿದೆ. ಸ್ವಿಚ್ ಹಾಕಿದರೆ ಏಕಾರ್ನ್ ಡಿಎಫ್‌ಎಸ್ ಬಂತು. ಇಷ್ಟಕ್ಕೆ ಒಂದು ವಾರ.

ಇನ್ನು ಡ್ರೈವ್. ಐದೂಕಾಲು ಇಂಚಿನ ಡಿಸ್ಕಿನದು, ಒಳ್ಳೆ ಇಟ್ಟಿಗೆಯ ಗಾತ್ರ, ತಗಡಿನ ಡಬ್ಬಿ. ಇದರ ಎರಡು ಕೇಬಲ್ಲೂ ಕಂಪ್ಯೂಟರಿನ ಹೊಟ್ಟೆ ಕೆಳಗೆ ಹೋಗುತ್ತೆ, ಹಿಂದೆ ಹುಡುಕಿದರೆ ಸಿಗಲ್ಲ. ಒಂದು 34 ತಂತಿಯ ಅಗಲದ ರಿಬ್ಬನ್. ಇನ್ನೊಂದು ಪವರ್, ಕಂಪ್ಯೂಟರೇ ಡ್ರೈವಿಗೆ 5 ವೋಲ್ಟು, 12 ವೋಲ್ಟು ಕೊಡುತ್ತೆ. ನಾನು ರಿಬ್ಬನ್ನನ್ನು ಡ್ರೈವಿನ ಕಡೆ ತಿರುವು ಮುರುವು ಹಾಕಿದೆ. ಹಾಕಿದ್ದು ಗೊತ್ತಾಗುವುದು ಹೇಗೆ ಅಂದರೆ, ಸ್ವಿಚ್ ಹಾಕಿದ ಕೂಡಲೇ ಡ್ರೈವಿನ ದೀಪ ಹತ್ತಿ ಮೋಟರ್ ತಿರುಗೋಕೆ ಶುರುವಾಗುತ್ತೆ, ನಿಲ್ಲೋದೇ ಇಲ್ಲ. ಈ ಸ್ಥಿತಿಯಲ್ಲಿ ಡಿಸ್ಕ್ ಒಳಗಿದ್ದರೆ ಅದರ ಮೇಲೆ ಏನಾದರೂ ಗೀಚಿಬಿಡುವ ಅಪಾಯ ಇದೆ. ಪುಣ್ಯಕ್ಕೆ ಡಿಸ್ಕ್ ಹಾಕಿರಲಿಲ್ಲ. ಆಮೇಲೆ ಆರೂ ಡಿಸ್ಕಿನ ಅಂಚಿನ ಕಚ್ಚಿಗೆ ಸ್ಟಿಕ್ಕರ್ ಅಂಟಿಸಿದೆ. ಆ ಕಚ್ಚು ಮುಚ್ಚಿದ್ದರೆ ಡ್ರೈವ್ ಬರೆಯೋದಿಲ್ಲ, ಓದೋದು ಮಾತ್ರ.

ಡಿಸ್ಕುಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿದಿತ್ತು. ನಡುವಿನ ತೂತಿಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದರೆ ಕಿಟಕಿಯಲ್ಲಿ ಬೂದುಬಣ್ಣದ ಚುಕ್ಕೆ ಚುಕ್ಕೆ ಕಾಣುತ್ತೆ. ಅಂಥದ್ದನ್ನು ಹಾಕಿದರೆ ಡಿಸ್ಕೂ ಹೋಯ್ತು, ಅದನ್ನು ಓದುವ ಹೆಡ್ಡೂ ಹೊಲಸಾಯ್ತು. ಅವೆರಡನ್ನು ಬದಿಗಿಟ್ಟು, ಇಯರ್ ಬಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿದೆ. ಕಂದು ಬಣ್ಣ ಬಂತು. ಇನ್ನೊಂದು ಇಯರ್ ಬಡ್. ಮೂರನೆಯದು ಬಿಳಿಯಾಗೇ ಉಳಿಯಿತು.

ಮೂರನೇ ಡಿಸ್ಕ್ ಹಾಕಿ, ಅಗುಳಿ ಹಾಕಿದ ಹಾಗೆ ಲಿವರ್ ತಿರುಗಿಸಿ, ಸ್ಟಾರ್ ಕ್ಯಾಟ್ ಅಂದೆ. ದೀಪ ಹತ್ತಿತು. ಒಂದು ಸುತ್ತು, ಎರಡು ಸುತ್ತು, ಪಟ್ಟಿ ಬಂತು! ಡಿಸ್ಕಿನ ಹೆಸರು, ಕೆಳಗೆ ‘ಆಪ್ಷನ್ 3’, ಆಮೇಲೆ ಫೈಲುಗಳ ಹೆಸರು, ಏಳೇಳು ಅಕ್ಷರದೊಳಗೆ. ಇದರಲ್ಲಿ ಫೈಲಿನ ಹೆಸರು ಏಳಕ್ಷರ ದಾಟುವ ಹಾಗಿಲ್ಲ, ಒಂದು ಡಿಸ್ಕಿನ ಒಂದು ಮಗ್ಗುಲಿಗೆ 31 ಫೈಲಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಪಟ್ಟಿಯ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬೂಟ್ ಅಂತ ಒಂದು ಫೈಲು. ಆ ಚಿಹ್ನೆಗೆ ಈ ಮೆಷಿನ್ ಬಳಸುವವರು ಪ್ಲಿಂಗ್ ಅಂತಾರೆ, ಬೂಟ್ ಅಂದರೆ ಶುರುಮಾಡುವುದು. ಪ್ಲಿಂಗ್ ಬೂಟ್.

ಈಗ ಆ ಏನೋ ಮಾಡುವ ಹೊತ್ತು ಬಂತು. ಅದು ಇಷ್ಟೇ. ಶಿಫ್ಟ್ ಹಿಡಿದುಕೊಳ್ಳಬೇಕು, ಬ್ರೇಕ್ ಒತ್ತಿ ಬಿಡಬೇಕು, ಆಮೇಲೆ ಶಿಫ್ಟ್ ಬಿಡಬೇಕು. ಡಿಸ್ಕಿನ ಆಪ್ಷನ್ 3 ಇದ್ದರೆ ಕಂಪ್ಯೂಟರ್ ಪ್ಲಿಂಗ್ ಬೂಟ್ ಫೈಲನ್ನು ಹುಡುಕಿ, ಅದರಲ್ಲಿ ಬರೆದಿರುವುದನ್ನು ತಾನೇ ಕೂತು ಟೈಪ್ ಮಾಡಿದ ಹಾಗೆ ಒಂದೊಂದೇ ಸಾಲು ನಡೆಸುತ್ತೆ. ಬೆಂಕಿಪೊಟ್ಟಣದ ಕೆಳಗೆ ಇದ್ದದ್ದು ಬ್ರೇಕ್ ಕೀ. ಅದನ್ನು ಯಾರಾದರೂ ಸುಮ್ನೆ ಒತ್ತಿಬಿಟ್ಟರೆ ಓಡುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತೆ, ಅಷ್ಟೇ, ಯಾರ ಅಪ್ಪನೂ ದುಡ್ಡು ಕೊಡಬೇಕಾಗಿರಲಿಲ್ಲ.

ಒತ್ತಿದೆ. ಬೀಪ್, ಕರ್ ಕರ್, ಪರದೆಯ ಮೇಲೆ ತಾನಾಗಿ ಅಕ್ಷರ ಮೂಡಿದವು. ‘ಚೈನ್ ಮೆನು’, ಅಂದರೆ ಮೆನು ಅನ್ನೋ ಪ್ರೋಗ್ರಾಂ ತಂದು ಓಡಿಸು ಅಂತ. ಮೈ ಜುಮ್ ಅಂತು. ಆಮೇಲೆ ಟರ್ರ್ ಟರ್ರ್ ಅಂತ ಎರಡು ಮೂರು ಸಲ ಹೆಡ್ ಹಿಂದೆ ಮುಂದೆ ಓಡಾಡಿ, ‘ಡಿಸ್ಕ್ ಫಾಲ್ಟ್ 18’.

ನಾಲ್ಕೂ ಡಿಸ್ಕಿನಲ್ಲಿ ಇದೇ. ಪಟ್ಟಿ ಕೊಡುತ್ತೆ, ಬೂಟ್ ಶುರುಮಾಡುತ್ತೆ, ಫಾಲ್ಟ್ 18 ಅಂತ ನಿಲ್ಲುತ್ತೆ. ಅರ್ಥ ಏನಂದರೆ, ಕೇಳಿದ ಸೆಕ್ಟರ್, ಡಿಸ್ಕಿನ ಮೇಲಿನ ಒಂದು ತುಂಡು ಜಾಗ, ಸಿಗಲಿಲ್ಲ. ಮನೆಗೆ ಹೋದರೆ ಬಾಗಿಲಲ್ಲೇ ನಿಂತು ಯಾರ್ಯಾರಿದ್ದಾರೆ ಅಂತ ಹೆಸರೆಲ್ಲ ಹೇಳಿ, ಒಬ್ಬರನ್ನೂ ಕರೆಯದ ಹಾಗೆ. ಟೀಚರ್ ಪೆನ್ಸಿಲಿನಲ್ಲಿ ಬರೆದದ್ದೇ ಸರಿ, ಪ್ರಶ್ನೆ ಚಿಹ್ನೆ ತೆಗೆದುಹಾಕೋಣ ಅನ್ನಿಸಿತು. ಒಂದು ವಾರ ಅದನ್ನೇ ನಂಬಿದೆ. ಹೆಡ್ ಮತ್ತೆ ಒರೆಸಿದೆ. ಹೆಡ್ ಓಡಾಡುವ ಎರಡು ಕಂಬಿಯ ಮೇಲಿನ ಹಳೇ ಗ್ರೀಸ್ ತೆಗೆದು ಹೊಸದು ಹಚ್ಚಿದೆ. ಆಫೀಸಿನ ಗೆಳೆಯರೊಬ್ಬರು, ಡ್ರೈವ್ ಎಸೆದು ಪೆನ್ ಡ್ರೈವ್ ಹಾಕುವ ಗೋಟೆಕ್ ಡಬ್ಬಿ ಜೋಡಿಸು, ಹದಿನೈದು ನಿಮಿಷದ ಕೆಲಸ ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಆಟ ಆಡೋದೇ ಉದ್ದೇಶ ಆಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಕರ್ ಕರ್ ಸದ್ದಿಲ್ಲದೆ ಬೂಟ್ ಆದರೆ ಅದು ಕಾಯಿ ತುರಿಯುವ ಸದ್ದಿಲ್ಲದ ಅಡುಗೆಮನೆ.

ದಾರಿ ಕಂಡದ್ದು ಸ್ಟಾರ್ ಇನ್ಫೋ ಅನ್ನೋ ಆಜ್ಞೆಯಿಂದ. ಇದು ಒಂದೊಂದು ಫೈಲೂ ಎಷ್ಟು ಉದ್ದ, ಯಾವ ಸೆಕ್ಟರಿನಿಂದ ಶುರು ಅಂತ ಹೇಳುತ್ತೆ. ಡಿಸ್ಕಿನ ಮೇಲೆ ಉಂಗುರ ಉಂಗುರವಾಗಿ ಟ್ರ್ಯಾಕ್‌ಗಳು, ಒಂದೊಂದು ಟ್ರ್ಯಾಕಿಗೆ 10 ಸೆಕ್ಟರ್, ಒಂದು ಸೆಕ್ಟರಿಗೆ 256 ಬೈಟು. ಹೊರಗಿನ ಉಂಗುರ ಟ್ರ್ಯಾಕ್ 0. ಅದರ ಮೊದಲ ಎರಡು ಸೆಕ್ಟರಿನಲ್ಲಿ ಪಟ್ಟಿ ಇರುತ್ತೆ. ಉಳಿದ ಎಂಟರಲ್ಲಿ, ಅಂದರೆ 2 ಕೆಬಿಯಲ್ಲಿ, ಮೊದಲು ಬರೆದ ಫೈಲ್ ಕೂತಿರುತ್ತೆ. ನನ್ನ ಡಿಸ್ಕಿನಲ್ಲಿ ಪ್ಲಿಂಗ್ ಬೂಟ್ 2ನೇ ಸೆಕ್ಟರಿನಲ್ಲಿ. ಮೆನು 3ರಿಂದ ಶುರುವಾಗಿ ಹನ್ನೊಂದು ಸೆಕ್ಟರ್ ಉದ್ದ, ಅಂದರೆ ಟ್ರ್ಯಾಕ್ 0 ದಾಟಿ ಟ್ರ್ಯಾಕ್ 1ಕ್ಕೆ ಹೋಗುತ್ತೆ. ಓದುತ್ತಿರುವುದೆಲ್ಲ ಟ್ರ್ಯಾಕ್ 0ರಲ್ಲಿರುವುದು. ಹೆಡ್ ಒಂದು ಹೆಜ್ಜೆ ಒಳಗಿಟ್ಟ ಕೂಡಲೇ ಎಡವುತ್ತಿದೆ. ಉಳಿದ ಮೂರು ಡಿಸ್ಕಿನಲ್ಲೂ ಲೆಕ್ಕ ಹಾಕಿದೆ, ಅದೇ ಜಾಗ. ಧೂಳೋ ಬೂಷ್ಟೋ ಆಗಿದ್ದರೆ ನಾಲ್ಕು ಡಿಸ್ಕಿನಲ್ಲೂ ಒಂದೇ ಗೆರೆಯ ಮೇಲೆ ಬಂದು ಕೂರುತ್ತಾ? ಡಿಸ್ಕ್ ಸತ್ತಿಲ್ಲ. ಹೆಜ್ಜೆ ತಪ್ಪಿದೆ.

ಇಲ್ಲಿಗೆ ಬರಲು ಎರಡೂವರೆ ವಾರ. ಬೆಳಿಗ್ಗೆ ನೋಡೋಣ ಅಂತ ಡ್ರೈವಿನ ಮುಚ್ಚಳ ಹಾಕಲು ಡಬ್ಬಿಯನ್ನು ತಿರುಗಿಸಿದಾಗ, ಹಿಂಭಾಗದಲ್ಲಿ ಹೆಬ್ಬೆರಳಿನ ಉಗುರಿಗೆ ಏನೋ ಸಿಕ್ಕಿತು. ತಗಡಿನದೇ ಬಣ್ಣಕ್ಕೆ ತಿರುಗಿದ ಟೇಪು. ನಾನು ಅದನ್ನು ಹರಿದ ಹಳೇ ಲೇಬಲ್ ಅಂದುಕೊಂಡಿದ್ದೆ. ಅಂಟು ಒಣಗಿ ಗಾಜಿನ ಹಾಗಾಗಿತ್ತು. ಕೆರೆದು ಎತ್ತಿದರೆ ಕೆಳಗೆ ಸಣ್ಣ ಸ್ವಿಚ್ಚು. ಒಂದು ಕಡೆ 40, ಇನ್ನೊಂದು ಕಡೆ 80. ಸ್ವಿಚ್ಚು 80ರಲ್ಲಿತ್ತು. ಬಿಸ್ಕತ್ ಡಬ್ಬಿಯಿಂದ ಡಿಸ್ಕ್ ತೆಗೆದು ದೀಪದ ಕೆಳಗೆ ಹಿಡಿದೆ. ಲೇಬಲ್ಲಿನ ಮೂಲೆಯಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ, ‘40 ಟಿ’.

ಇದನ್ನು ಅಣ್ಣನಿಗೆ ಹೇಳಿದಾಗ ಅವನಿಗೆ ಅರ್ಥವಾಗುವ ಹಾಗೆ ಹೇಳಿದ್ದು ಹೀಗೆ. ನಮ್ಮ ಅಡಿಕೆ ತೋಟದಲ್ಲಿ ಒಂಬತ್ತು ಅಡಿಗೊಂದು ಮರ. ಕಣ್ಣು ಕಟ್ಟಿಕೊಂಡು ಮರ ಮುಟ್ಟುತ್ತಾ ಹೋಗಬೇಕು ಅಂದರೆ ಒಂಬತ್ತು ಅಡಿ ಲೆಕ್ಕ ಇಟ್ಟು ನಡೆಯಬೇಕು. ನಾಲ್ಕೂವರೆ ಅಡಿಯ ಲೆಕ್ಕದಲ್ಲಿ ಹೊರಟರೆ? ಮೊದಲ ಮರ ಸಿಗುತ್ತೆ, ಯಾಕಂದರೆ ಅಲ್ಲೇ ನಿಂತಿದ್ದೀವಿ. ಎರಡನೇ ಮರ ಅಂತ ಕೈಚಾಚಿದರೆ ಬಯಲು. 40 ಟ್ರ್ಯಾಕಿನ ಡಿಸ್ಕಿನಲ್ಲಿ ಉಂಗುರಗಳು ಎರಡರಷ್ಟು ದೂರ ದೂರ, ಇಂಚಿಗೆ 48. 80ರದ್ದಕ್ಕೆ ಇಂಚಿಗೆ 96. ಟ್ರ್ಯಾಕ್ 0 ಮಾತ್ರ ಎರಡಕ್ಕೂ ಒಂದೇ ಜಾಗ. ಅದಕ್ಕೇ ಪಟ್ಟಿ ಬರುತ್ತಿತ್ತು, ಬೂಟ್ ಬರುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಆ ಸ್ವಿಚ್ಚನ್ನು 40ಕ್ಕೆ ಹಾಕಿದರೆ ಡ್ರೈವು ಕಂಪ್ಯೂಟರ್ ಒಂದು ಹೆಜ್ಜೆ ಅಂದಾಗ ಎರಡು ಹೆಜ್ಜೆ ಇಡುತ್ತೆ.

ರಾತ್ರಿ ಒಂದು ಗಂಟೆ. ಸ್ವಿಚ್ ಹಾಕಿದೆ, ಶಿಫ್ಟ್ ಬ್ರೇಕ್ ಒತ್ತಿದೆ, ಫಾಲ್ಟ್ 18! ಅಳು ಬರೋದು ಬಾಕಿ. ಆಮೇಲೆ ಯೋಚನೆ ಬಂತು, ಮೂವತ್ತೈದು ವರ್ಷ ಅಲ್ಲಾಡದ ಸ್ವಿಚ್ಚು, ಒಳಗೂ ಕಪ್ಪು ಹಿಡಿದಿರುತ್ತೆ. ಆ ಕಡೆ ಈ ಕಡೆ ಇಪ್ಪತ್ತು ಮೂವತ್ತು ಸಲ ಟಕ ಟಕ ಮಾಡಿ 40ಕ್ಕೆ ಬಿಟ್ಟೆ. ಶಿಫ್ಟ್ ಹಿಡಿದು ಬ್ರೇಕ್. ಚೈನ್ ಮೆನು ಅಂತ ಬರೆದುಕೊಂಡಿತು. ಡಬ್ಬಿಯೊಳಗೆ ಈ ಸಲ ಟರ್ರ್ ಅಲ್ಲ, ಟಕ್. ಟಕ್. ಟಕ್. ಲೆಕ್ಕ ಇಟ್ಟು ನಡೆಯುವವರ ಹೆಜ್ಜೆ. ಪರದೆ ಖಾಲಿಯಾಯ್ತು, ಎರಡು ಪಟ್ಟು ಎತ್ತರದ ಅಕ್ಷರದಲ್ಲಿ ಒಂದು ತಲೆಬರಹ, ಕೆಳಗೆ ಐದು ಸಾಲಿನ ಮೆನು. ಮಗ್ಗಿ, ಸ್ಪೆಲ್ಲಿಂಗು, ಗಡಿಯಾರ ನೋಡುವುದು, ಹೀಗೆ. ಯಾವುದೋ ಕಂಪನಿಯ ಆಟ ಅಲ್ಲ. ಟೀಚರ್ ತಮ್ಮ ಕ್ಲಾಸಿನ ಮಕ್ಕಳಿಗೆ ತಾವೇ ಬರೆದ ಪ್ರೋಗ್ರಾಂಗಳು. ಮಗ್ಗಿಯನ್ನು ಆರಿಸಿದೆ. ನಿನ್ನ ಹೆಸರೇನು ಅಂತ ಕೇಳಿತು. ಗೋಡೆಗೆ ಒರಗಿ ನಿಂತಿದ್ದ ಕಾಲದಿಂದ ನನ್ನನ್ನು ಆ ಮೆಷಿನ್ ಏನೂ ಕೇಳಿರಲಿಲ್ಲ. ಟೈಪ್ ಮಾಡಿದೆ, ಹಲೋ ಅಂತ ಹೆಸರು ಸೇರಿಸಿ ಹೇಳಿತು. ಏಳೆಂಟಲ ಎಷ್ಟು ಅಂತ ಕೇಳಿದ್ದಕ್ಕೆ ಗಡಿಬಿಡಿಯಲ್ಲಿ 54 ಅಂದೆ. ಬೊಂಯ್ ಅಂತ ಒಂದು ಸದ್ದು ಮಾಡಿ ಇನ್ನೊಂದು ಸಲ ನೋಡು ಅಂತು.

ಬೆಳಿಗ್ಗೆ ಮಗಳಿಗೆ ತೋರಿಸಿದೆ. ಅವಳು ಮೆನುವಿನಿಂದ ಹೊರಬಂದು ಪ್ರೋಗ್ರಾಮನ್ನೇ ಲಿಸ್ಟ್ ಮಾಡಿಸಿ ಓದುತ್ತಾ ಕೂತಳು, ಬೊಂಯ್ ಅನ್ನೋ ಸದ್ದು ಯಾವ ಸಾಲಿನಲ್ಲಿದೆ ಅಂತ ಹುಡುಕಿ ಬದಲಾಯಿಸಿದಳು. “ಅಪ್ಪಾ, ಇದು ಇಷ್ಟೇನಾ?” ಅಂದಳು. ಇಷ್ಟೇ. ಪ್ರೋಗ್ರಾಂ ಮೆಮೊರಿಯಲ್ಲಿ ಎಷ್ಟನೇ ಬೈಟಿನಿಂದ ಶುರು ಅಂತ ತೋರಿಸಲು ಪ್ರಿಂಟ್ ಪೇಜ್ ಅಂತ ಟೈಪ್ ಮಾಡಿಸಿದೆ. 6400 ಬಂತು. ಕ್ಯಾಸೆಟ್ ಮಾತ್ರ ಇದ್ದ ಮೆಷಿನ್ನಿನಲ್ಲಿ ಅದು 3584 ಇರುತ್ತೆ. ಡಿಸ್ಕ್ ಓದುವ ವಿದ್ಯೆಗೆ ಅಂತ 2816 ಬೈಟು ಮೆಮೊರಿ ಬಾಡಿಗೆ. 32 ಕೆಬಿಯಲ್ಲಿ ಅದೇನು ಕಡಿಮೆಯಲ್ಲ. ಬಣ್ಣದ ಚಿತ್ರ ಬೇಕು ಅಂತ ಮೋಡ್ 2ಕ್ಕೆ ಹೋದರೆ ಪರದೆಯೇ 20 ಕೆಬಿ ತಿನ್ನುತ್ತೆ, ಪ್ರೋಗ್ರಾಂ ಬರೆಯೋಕೆ ಉಳಿಯೋದು 5888 ಬೈಟು.

ನ್ಯೂಬರಿಯ ಟೀಚರ್‌ಗೆ ಫೋನ್ ಮಾಡಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಜೋರಾಗಿ ನಕ್ಕರು. ಶಾಲೆಯಲ್ಲಿ ಎಲ್ಲರೂ 80 ಟ್ರ್ಯಾಕಿಗೆ ಬದಲಾದಾಗ, ಮಕ್ಕಳು ಆ ಸ್ವಿಚ್ಚನ್ನು ಸುಮ್ನೆ ಆಡಿಸುತ್ತವೆ ಅಂತ ಅವರೇ ಟೇಪ್ ಹಾಕಿದ್ದರಂತೆ. ಹಾಕಿದ್ದು ಮರೆತುಹೋಗಿ, ತಮ್ಮ ಹಳೇ ಡಿಸ್ಕ್ ಒಂದೂ ಓದುತ್ತಿಲ್ಲವಲ್ಲ, ಎಲ್ಲ ಒಟ್ಟಿಗೆ ಹೇಗೆ ಹೋದವು ಅಂತ ಅನುಮಾನ ಬಂದು ಆ ಪ್ರಶ್ನೆ ಚಿಹ್ನೆ ಬರೆದದ್ದು. ಬೂಷ್ಟು ಹಿಡಿದ ಎರಡರಲ್ಲಿ ಒಂದರಲ್ಲಿ ಕ್ರಿಸ್‌ಮಸ್ ಹಾಡು ನುಡಿಸುವ ಪ್ರೋಗ್ರಾಂ ಇತ್ತು, ಸಿಕ್ಕರೆ ಹೇಳಿ ಅಂದರು. ಅದನ್ನು ಇನ್ನೂ ತೊಳೆಯುತ್ತಾ ಇದ್ದೀನಿ. ತೊಳೆಯುವುದು ಅಂದರೆ ನಿಜವಾಗಿ ತೊಳೆಯುವುದೇ, ಹೊದಿಕೆಯ ಅಂಚು ಕತ್ತರಿಸಿ, ಒಳಗಿನ ತೆಳು ಬಿಲ್ಲೆಯನ್ನು ಹೊರಗೆಳೆದು.

ಆ ಭಾನುವಾರ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ನನಗಿಂತ ಎರಡು ವರ್ಷ ದೊಡ್ಡವನು, ಅದೇ ಕಾಂಪೌಂಡಿನಲ್ಲಿ ಪಿಯುಸಿ ಓದಿದವನು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ. ಫೋನನ್ನು ಕೀಬೋರ್ಡಿನ ಮೇಲೆ ಹಿಡಿದು, ನೋಡು ಅಣ್ಣಾ, ಸರ್ ಮಾಡ್ತಿದ್ದದ್ದು ಇದು ಅಂತ ಶಿಫ್ಟ್ ಹಿಡಿದು ಬ್ರೇಕ್ ಒತ್ತಿದೆ. ಬೂಟ್ ಆಯ್ತು.

“ಅಷ್ಟೇನಾ? ನನಗೆ ಅವತ್ತೇ ಗೊತ್ತಿತ್ತು ಕಣೋ” ಅಂದ.

“ಹೇಗೆ?”

“ಸರ್ ಊಟಕ್ಕೆ ಹೋದಾಗ ಬೆಂಕಿಪೊಟ್ಟಣ ಎತ್ತಿ ನೋಡಿದ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ನೀನು ಅಪ್ಪಂಗೆ ಹೇಳ್ತಿದ್ದೆ.”

ಅದೂ ನಿಜವೇ. ಫೋನ್ ಇಟ್ಟ ಮೇಲೆ ಡ್ರೈವಿನ ಸ್ವಿಚ್ಚು 40ರಲ್ಲಿದೆ ಅಂತ ಮತ್ತೊಮ್ಮೆ ನೋಡಿದೆ. ಮಗಳ ಕೈ ಸುಮ್ನಿರಲ್ಲ. ಅಡುಗೆಮನೆಯ ಡ್ರಾಯರಿನಿಂದ ಟೇಪ್ ತಂದು ಎರಡಿಂಚು ಕತ್ತರಿಸಿ, ಅದರ ಮೇಲೆ ಪೆನ್ನಿನಲ್ಲಿ ದಪ್ಪಗೆ ‘40’ ಅಂತ ಬರೆದು ಅಂಟಿಸಿದೆ.